ಸ್ಕೇಲ್ ಆಗದ ಗುಡ್ಡಗಳು

ಮೊದಲೇ ಹೇಳಿಬಿಡ್ತೀವಿ, ನಮ್ಮಲ್ಲಿ ಯಾರೂ ಸ್ಕೀ ಮಾಡಿದವರಲ್ಲ. ಹಿಮ ಅಂದ್ರೆ ನಮಗೆ ಗೊತ್ತಿರೋದು ಮನೆ ಫ್ರಿಜ್ಜಿನ ಫ್ರೀಜರಲ್ಲಿ ಕಟ್ಟಿಕೊಳ್ಳೋ ಬಿಳಿ ಪದರ, ಅದನ್ನ ಚಾಕುವಲ್ಲಿ ಕೆರೆದ್ರೆ ಅಮ್ಮನ ಹತ್ರ ಬೈಸಿಕೊಳ್ಳೋದು, ಅಷ್ಟೇ. ಆದರೂ ಈ ಸಲ ಅಮೆರಿಕದ ಈಶಾನ್ಯ ಮೂಲೆಯಲ್ಲಿ, ಅಂದರೆ ನ್ಯೂ ಇಂಗ್ಲೆಂಡ್ ಅಂತ ಕರೆಯೋ ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ಮ್ಯಾಸಚೂಸೆಟ್ಸ್ ಕಡೆ, ಮುಚ್ಚಿಹೋದ ಸಣ್ಣ ಸಣ್ಣ ಸ್ಕೀ ಗುಡ್ಡಗಳ ಬಗ್ಗೆ ಬರೀತಿದ್ದೀವಿ. ಹೋದ ಸೆಮಿಸ್ಟರಿನಿಂದ ಇವು ನಮ್ಮ ತಲೆಯಿಂದ ಇಳೀತಾನೇ ಇಲ್ಲ.

ಆಗಿದ್ದಿಷ್ಟು. ಬೆಲ್ಟ್ ಮತ್ತು ಹಗ್ಗದ ಡ್ರೈವ್ ಮೇಲೆ ಸೆಮಿನಾರ್ ಕೊಡಬೇಕಿತ್ತು. ಎಲ್ಲರೂ ಲೇತ್, ಕನ್ವೇಯರ್, ಹಿಟ್ಟಿನ ಗಿರಣಿ ಅಂತ ಹಿಡಿದುಕೊಂಡ್ರು. ನಾವು ಬೇರೆ ಉದಾಹರಣೆ ಹುಡುಕ್ತಾ ಹೋದಾಗ ಸಿಕ್ಕಿದ್ದು ರೋಪ್ ಟೋ. 1934ರ ಜನವರಿ. ವರ್ಮಾಂಟಿನ ವುಡ್‌ಸ್ಟಾಕ್ ಅನ್ನೋ ಊರು. ಕ್ಲಿಂಟನ್ ಗಿಲ್ಬರ್ಟ್ ಅನ್ನೋ ರೈತನ ಹುಲ್ಲುಗಾವಲು ಇರೋ ಒಂದು ಗುಡ್ಡ. ಅಲ್ಲಿನ ಒಂದು ವಸತಿಗೃಹ ನಡೆಸುತ್ತಿದ್ದ ರಾಯ್ಸ್ ದಂಪತಿ ಆ ಗುಡ್ಡವನ್ನ ಬಾಡಿಗೆಗೆ ತಗೊಂಡು, ಡೇವಿಡ್ ಡಾಡ್ ಅನ್ನೋ ಮೆಕ್ಯಾನಿಕ್ ಕೈಲಿ ಒಂದು ಯಂತ್ರ ಕಟ್ಟಿಸಿದ್ರು. ಯಂತ್ರ ಅಂದ್ರೆ ಏನು? ಒಂದು ಹಳೇ ಫೋರ್ಡ್ ಮಾಡೆಲ್ ಟಿ ಕಾರಿನ ಎಂಜಿನ್, ಕೆಲವು ಗಾಲಿಗಳು, ಸುಮಾರು 1800 ಅಡಿ ಹಗ್ಗ. ಬಾವಿಯ ರಾಟೆಯನ್ನ ಗುಡ್ಡದ ಮೇಲೆ ಮಲಗಿಸಿದ ಹಾಗೆ ಅಂದ್ಕೊಳ್ಳಿ. ಹಗ್ಗ ಸುತ್ತುತ್ತಾನೇ ಇರುತ್ತೆ, ಸ್ಕೀ ಹಾಕಿಕೊಂಡವರು ಅದನ್ನ ಕೈಯಲ್ಲಿ ಹಿಡಿದುಕೊಂಡ್ರೆ ಮೇಲಕ್ಕೆ ಎಳಕೊಂಡು ಹೋಗುತ್ತೆ, ತುದಿಯಲ್ಲಿ ಬಿಟ್ಟುಬಿಡೋದು, ಜಾರಿಕೊಂಡು ಕೆಳಗೆ ಬರೋದು. ಅಮೆರಿಕದಲ್ಲಿ ಇದೇ ಮೊದಲನೇದು. ಅದಕ್ಕಿಂತ ಮುಂಚೆ, ಒಂದು ನಿಮಿಷ ಜಾರೋದಕ್ಕೆ ಅರ್ಧ ಗಂಟೆ ಗುಡ್ಡ ಹತ್ತಬೇಕಿತ್ತು.

ರಫ್ ಶೀಟಿನಲ್ಲಿ ಲೆಕ್ಕ ಹಾಕಿದ್ವಿ. 70 ಕೆಜಿ ತೂಕದ ಮನುಷ್ಯ, 15 ಡಿಗ್ರಿ ಇಳಿಜಾರು, ಹಿಮದ ಮೇಲೆ ಫ್ರಿಕ್ಷನ್ 0.05 ಅಂತ ಇಟ್ಟುಕೊಂಡ್ರೆ ಎಳೆಯೋಕೆ ಬೇಕಾದ ಬಲ ಸುಮಾರು 210 ನ್ಯೂಟನ್. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಎಳೆದರೆ ಒಬ್ಬರಿಗೆ 840 ವ್ಯಾಟ್. ಮಾಡೆಲ್ ಟಿ ಎಂಜಿನ್ 20 ಹಾರ್ಸ್‌ಪವರ್, ಅಂದ್ರೆ ಸುಮಾರು 15 ಕಿಲೋವ್ಯಾಟ್. ಒದ್ದೆ ಹಗ್ಗದ ಭಾರ, ಗಾಲಿಗಳ ಸವೆತ ಅಂತ ಮೂರನೇ ಒಂದು ಭಾಗ ಕಳೆದರೂ ಹತ್ತು ಹನ್ನೆರಡು ಜನರನ್ನ ಒಟ್ಟಿಗೆ ಎಳೀಬಹುದು. ಒಂದು ಕಾರು, ಹನ್ನೆರಡು ಜನ! ಇನ್ನು ನಮಗೆ ಎಕ್ಸಾಮಲ್ಲಿ ಬರೋ ಆ ಸೂತ್ರ ಇದೆಯಲ್ಲ, ಟಿ ಒಂದು ಭಾಗಿಸು ಟಿ ಎರಡು ಈಕ್ವಲ್ಸ್ ಇ ಘಾತ ಮ್ಯೂ ಥೀಟಾ, ಅದು ಇಲ್ಲಿ ಕಣ್ಣಿಗೆ ಕಾಣುತ್ತೆ. ಮ್ಯೂ 0.25 ಅಂದುಕೊಂಡು ಹಗ್ಗವನ್ನ ಗಾಲಿಗೆ ಅರ್ಧ ಸುತ್ತು ಹಾಕಿದ್ರೆ ಬಿಗಿ ಬದಿಗೂ ಸಡಿಲ ಬದಿಗೂ ಇರೋ ಅನುಪಾತ 2.2. ಒಂದೂವರೆ ಸುತ್ತು ಹಾಕಿದ್ರೆ ಹತ್ತು ದಾಟುತ್ತೆ. ಹಗ್ಗ ಜಾರ್ತಾ ಇದ್ರೆ ಇನ್ನೊಂದು ಸುತ್ತು ಹಾಕಿ ನೋಡೋದು ಯಾವ ರೈತನಿಗೂ ಗೊತ್ತಿರೋ ವಿಷಯ. ನಾವು ಮಾತ್ರ ಅದನ್ನ ಹತ್ತು ಮಾರ್ಕಿನ ಡೆರಿವೇಶನ್ ಅಂತ ಕಲೀತಿದ್ದೀವಿ.

ಸೆಮಿನಾರ್ ಚೆನ್ನಾಗೇ ಹೋಯ್ತು. ಕೊನೇಲಿ ಬಂದ ಪ್ರಶ್ನೆ: “ಎಲ್ಲಾ ಸರಿ, ಇದರಲ್ಲಿ ನಾವೆಲ್ಟಿ ಏನು? ಇದು ಸ್ಕೇಲ್ ಆಗುತ್ತಾ?”

ಆಗಲ್ಲ. ಆಗಲಿಲ್ಲ. ಅದಕ್ಕೇ ಆ ಗುಡ್ಡಗಳು ಮುಚ್ಚಿದ್ದು ಅಂತ ಒಂದೇ ವಾಕ್ಯದಲ್ಲಿ ಮುಗಿಸಬಹುದು, ಕ್ಲಾಸಿನಲ್ಲಿ ಹಲವರು ಹಾಗೇ ಮುಗಿಸಿದ್ರು ಕೂಡ. ನಮ್ಮ ತಕರಾರು ಶುರುವಾಗೋದು ಅಲ್ಲಿಂದ.

ಮುಚ್ಚಿದ ಗುಡ್ಡಗಳು ಒಂದೆರಡಲ್ಲ. ನ್ಯೂ ಇಂಗ್ಲೆಂಡ್ ಒಂದರಲ್ಲೇ 600ಕ್ಕೂ ಹೆಚ್ಚು ದಾಖಲಾಗಿವೆ. ಇಡೀ ಅಮೆರಿಕದಲ್ಲಿ 1980ರ ದಶಕದ ಶುರುವಿನಲ್ಲಿ 700ಕ್ಕಿಂತ ಹೆಚ್ಚು ಸ್ಕೀ ತಾಣಗಳಿದ್ವು, ಈಗ 500ಕ್ಕಿಂತ ಕಡಿಮೆ. ಹೋದವರಲ್ಲಿ ಹೆಚ್ಚಿನವು ಸಣ್ಣವು. ಒಂದು ಮನೆಯವರು ನಡೆಸೋ ಗುಡ್ಡ. ಅಪ್ಪ ಎಂಜಿನ್ ನೋಡ್ಕೊಳ್ಳೋದು, ಅಮ್ಮ ಕೆಳಗಿನ ಮರದ ಶೆಡ್ಡಿನಲ್ಲಿ ಸೂಪು, ಬಿಸಿ ಚಾಕೊಲೇಟು ಕೊಡೋದು, ಮಕ್ಕಳು ಟಿಕೆಟ್ ಹರಿಯೋದು. ಶಾಲೆ ಬಿಟ್ಟ ಮೇಲೆ ಊರಿನ ಮಕ್ಕಳು ಬಸ್ಸಿನಲ್ಲಿ ಬಂದು ಕತ್ತಲಾಗೋ ತನಕ ಹತ್ತಿ ಇಳಿದು ಮಾಡ್ತಿದ್ರು. ಕಂಬಕ್ಕೆ ಬಲ್ಬು ಕಟ್ಟಿದ್ರೆ ರಾತ್ರಿನೂ ಆಟ.

ಅಲ್ಲಿ ಬೆಳೆದವರು ಬರೆದ ನೆನಪುಗಳನ್ನ ಒಂದು ವಾರ ಕೂತು ಓದಿದ್ವಿ. ಒಂದು ವಿಷಯ ಗಮನಕ್ಕೆ ಬಂತು. ಗುಡ್ಡ ಎಷ್ಟು ಎತ್ತರ ಇತ್ತು, ಎಷ್ಟು ಟ್ರೇಲ್ ಇತ್ತು ಅನ್ನೋದನ್ನ ಯಾರೂ ದೊಡ್ಡದಾಗಿ ಹೇಳಿಕೊಳ್ಳಲ್ಲ. ಹೇಳೋದೆಲ್ಲ ಕೈಗವಸಿನ ಬಗ್ಗೆ! ಹಗ್ಗ ಉಜ್ಜಿ ಉಜ್ಜಿ ಉಣ್ಣೆ ಗವಸು ಒಂದೇ ದಿನಕ್ಕೆ ತೂತು ಬೀಳೋದು, ಅದರ ಮೇಲೆ ಚರ್ಮದ ಗವಸು ಹಾಕಿಕೊಳ್ಳೋದು, ಒದ್ದೆ ಗವಸನ್ನ ಸೌದೆ ಒಲೆಯ ಮೇಲೆ ಒಣಗಿಸಿದಾಗ ಶೆಡ್ಡಿನ ತುಂಬಾ ಬರೋ ಆ ವಾಸನೆ. ಹಗ್ಗವನ್ನ ಗಬಕ್ಕನೆ ಹಿಡಿದ್ರೆ ತೋಳು ಕಿತ್ತು ಬಂದ ಹಾಗಾಗುತ್ತೆ, ಮೊದಲು ಅಂಗೈಯೊಳಗೆ ಜಾರೋಕೆ ಬಿಟ್ಟು ಆಮೇಲೆ ಮೆಲ್ಲಗೆ ಬಿಗಿ ಮಾಡಬೇಕು. ಇದನ್ನ ಪ್ರತಿಯೊಬ್ಬರೂ ತಾವೇ ಕಂಡುಹಿಡಿದ ಗುಟ್ಟಿನ ಹಾಗೆ ಬರೀತಾರೆ. (ಇದು ಕ್ಲಚ್ ಅಲ್ವಾ? ಏಳು ವರ್ಷದ ಮಗು ಅಂಗೈಯಲ್ಲಿ ಕ್ಲಚ್ ಕಲಿತಿದೆ.) 30 ಕೆಜಿ ತೂಕದ ಮಗುವಿನ ಕೈ ಮೇಲೆ ಬೀಳೋದು ಸುಮಾರು 9 ಕೆಜಿಯಷ್ಟು ಎಳೆತ. ಹತ್ತು ಕೆಜಿ ಅಕ್ಕಿ ಚೀಲ ಹಿಡಿದುಕೊಂಡು ಗುಡ್ಡದ ತುದಿ ತನಕ ಹೋದ ಲೆಕ್ಕ.

ನಮ್ಮಲ್ಲೊಬ್ಬನ ದೊಡ್ಡಮ್ಮ 90ರ ದಶಕದಲ್ಲಿ ಮ್ಯಾಸಚೂಸೆಟ್ಸಿಗೆ ಹೋಗಿ ನೆಲೆಸಿದವರು. ಅವರಿಗೆ ಫೋನ್ ಮಾಡಿ ಕೇಳಿದ್ವಿ, ನಿಮ್ಮ ಕಡೆ ಇಂಥದ್ದೇನಾದರೂ ಇತ್ತಾ ಅಂತ. “ಅಯ್ಯೋ ಇತ್ತಪ್ಪ. ಅದೇನು ರೆಸಾರ್ಟ್ ಅಲ್ಲ ಕಣೋ, ಯಾರದೋ ಹಿತ್ತಲಿದ್ದಂಗೆ ಇತ್ತು. ನಿಮ್ಮಣ್ಣ ಅಲ್ಲೇ ಕಲಿತಿದ್ದು. ನಾನು ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು ಒಲೆ ಪಕ್ಕದ ಬೆಂಚಲ್ಲಿ ಕೂತಿರ್ತಿದ್ದೆ. ಡಬ್ಬೀಲಿ ಚಿತ್ರಾನ್ನ. ಆ ಯಜಮಾನಿ ಒಂದಿನ ಇಣುಕಿ ನೋಡಿದ್ಲು, ಒಂದು ಚಮಚ ಕೊಟ್ಟೆ, ಆಮೇಲೆ ಪ್ರತಿ ಶನಿವಾರ ಎರಡು ಡಬ್ಬಿ ತಗೊಂಡು ಹೋಗ್ತಿದ್ದೆ.” ಆ ಊರಲ್ಲಿ ಅವರಿಗೆ ಪರಿಚಯ ಅಂತ ಆದ ಮೊದಲ ಮನೆಯವರು ಅವರೇ ಅಂತೆ. ಆ ಗುಡ್ಡ ಈಗಿಲ್ಲ. ಮರ ಬೆಳೆದು ಮುಚ್ಚಿಕೊಂಡಿದೆ, ಮಧ್ಯೆ ಒಂದು ತುಕ್ಕು ಹಿಡಿದ ಗಾಲಿ ಮಾತ್ರ ಕಾಣುತ್ತೆ ಅಂದ್ರು. ದೊಡ್ಡ ರೆಸಾರ್ಟಿಗೂ ಹೋಗಿದ್ದೀರಾ ಅಂತ ಕೇಳಿದ್ದಕ್ಕೆ, “ಹೋಗಿದ್ವಿ ಒಂದ್ಸಲ. ಪಾರ್ಕಿಂಗಲ್ಲೇ ಅರ್ಧ ದಿನ ಹೋಯ್ತು” ಅಂತ ಅಷ್ಟಕ್ಕೇ ಬಿಟ್ರು.

ಈಗ ಮುಚ್ಚಿದ್ದು ಯಾಕೆ ಅನ್ನೋದಕ್ಕೆ ಬರೋಣ. ಜನ ಬರೋದು ಬಿಟ್ಟರು, ಸಣ್ಣದು ಇನ್‌ಎಫಿಶಿಯೆಂಟ್, ಮಾರ್ಕೆಟ್ ತೀರ್ಮಾನ ಮಾಡ್ತು, ಇದು ಸುಲಭದ ಉತ್ತರ. ನಿಜವಾದ ಕಾರಣಗಳನ್ನ ಬಿಡಿಸಿ ನೋಡಿದ್ರೆ ಕಥೆ ಬೇರೆ ಇದೆ.

ಒಂದು, ಹಿಮ. 1950ರಲ್ಲಿ ಕನೆಕ್ಟಿಕಟ್‌ನ ಟೇ ಮ್ಯಾನುಫ್ಯಾಕ್ಚರಿಂಗ್ ಅನ್ನೋ ಸಣ್ಣ ಕಂಪನಿಯ ಮೂವರು, ವೇಯ್ನ್ ಪಿಯರ್ಸ್, ಆರ್ಟ್ ಹಂಟ್, ಡೇವ್ ರಿಚಿ, ಹಿಮ ಮಾಡೋ ಗನ್ ಕಂಡುಹಿಡಿದ್ರು. ಇವರು ಸ್ಕೀ ತಯಾರು ಮಾಡ್ತಿದ್ದವರು. ಹಿಮ ಬೀಳದೆ ಸ್ಕೀ ಮಾರಾಟ ಬಿದ್ದುಹೋದಾಗ ಪೇಂಟ್ ಹೊಡೆಯೋ ಕಂಪ್ರೆಸರ್, ಒಂದು ನಾಝಲ್, ತೋಟದ ಪೈಪು ಜೋಡಿಸಿ ನೋಡಿದ್ರು. ನೀರನ್ನ ಸಣ್ಣ ಹನಿಯಾಗಿ ಒಡೆದು ಚಳಿ ಗಾಳಿಗೆ ಎಸೆದರೆ ನೆಲ ಮುಟ್ಟೋದರೊಳಗೆ ಹೆಪ್ಪುಗಟ್ಟುತ್ತೆ. ಎಷ್ಟು ಚಂದ ಅಲ್ವಾ, ಗ್ಯಾರೇಜ್ ಪ್ರಾಜೆಕ್ಟ್! ಆದರೆ ಈಗ ಲೆಕ್ಕ ನೋಡಿ. ಒಂದು ಎಕರೆಗೆ ಒಂದು ಅಡಿ ದಪ್ಪ ಹಿಮ ಬೇಕು ಅಂದ್ರೆ ಸುಮಾರು 6 ಲಕ್ಷ ಲೀಟರ್ ನೀರು. ನಮ್ಮ ಹಾಸ್ಟೆಲ್ಲಿಗೆ ಬರೋ 6000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ನೂರು ಟ್ಯಾಂಕರ್, ಬರೀ ಒಂದು ಎಕರೆಗೆ! ಪಂಪು, ಕಂಪ್ರೆಸರ್, ನೆಲದೊಳಗೆ ಪೈಪು, ಕೆರೆ, ಕರೆಂಟು. ದೊಡ್ಡ ಬೆಟ್ಟದವರು ಬ್ಯಾಂಕಿನಿಂದ ಸಾಲ ತಂದು ಹಾಕಿದ್ರು. 1979-80, 1980-81ರಲ್ಲಿ ಆ ಭಾಗಕ್ಕೆ ಹಿಮ ಸರಿಯಾಗಿ ಬೀಳಲಿಲ್ಲ. ಗನ್ ಇದ್ದವರು ಬಾಗಿಲು ತೆರೆದಿಟ್ಟರು, ಆಕಾಶ ನೋಡ್ತಾ ಕೂತವರು ಮುಚ್ಚಿದ್ರು.

ಎರಡು, ಇನ್ಶೂರೆನ್ಸ್. ಇದರ ಬಗ್ಗೆ ನೆನಪು ಬರೆಯೋರು ಸಿಟ್ಟಲ್ಲಿ ಬರೀತಾರೆ, ನಮಗೆ ಅವರ ಸಿಟ್ಟು ಪೂರ್ತಿ ಒಪ್ಪಿಗೆ ಇಲ್ಲ. 1974ರಲ್ಲಿ ವರ್ಮಾಂಟಿನ ಸ್ಟ್ರ್ಯಾಟನ್ ಅನ್ನೋ ದೊಡ್ಡ ತಾಣದಲ್ಲಿ, ಹೊಸಬರಿಗೆ ಅಂತ ಇದ್ದ ದಾರಿಯಲ್ಲೇ, ಹಿಮದಡಿ ಇದ್ದ ಪೊದೆಗೆ ಸ್ಕೀ ಸಿಕ್ಕಿ ಒಬ್ಬ ಯುವಕ ಬಿದ್ದು ಕೈಕಾಲು ಎರಡೂ ಸ್ವಾಧೀನ ಕಳಕೊಂಡ. ಜ್ಯೂರಿ 15 ಲಕ್ಷ ಡಾಲರ್ ಪರಿಹಾರ ಕೊಡಿಸಿತು, 1978ರಲ್ಲಿ ವರ್ಮಾಂಟಿನ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು. ಆಮೇಲೆ ಇಡೀ ಉದ್ಯಮದ ಇನ್ಶೂರೆನ್ಸ್ ದರ ಏರಿಬಿಡ್ತು. ಆ ಯುವಕನಿಗೆ ಪರಿಹಾರ ಸಿಗಬಾರದಿತ್ತು ಅಂತ ಯಾರು ಹೇಳ್ತಾರೋ ಅವರು ಅವನ ಜಾಗದಲ್ಲಿ ಒಂದು ದಿನ ಮಲಗಿ ನೋಡಲಿ. ರೋಪ್ ಟೋ ಕೂಡ ಸಾಧು ಯಂತ್ರ ಏನಲ್ಲ. ಹುರಿ ಹಾಕಿದ ಹಗ್ಗ ಓಡ್ತಾ ತಿರುಚಿಕೊಳ್ಳುತ್ತೆ. ಸಡಿಲ ಮಫ್ಲರ್, ಉದ್ದ ಕೂದಲು, ತೋಳಿನ ದಾರ ಅದಕ್ಕೆ ಸುತ್ತಿಕೊಂಡ್ರೆ ಮನುಷ್ಯನನ್ನ ಗಾಲಿ ತನಕ ಎಳಕೊಂಡು ಹೋಗುತ್ತೆ. ಅದಕ್ಕೇ ತುದಿಯಲ್ಲಿ ಸೇಫ್ಟಿ ಗೇಟ್ ಹಾಕೋದು. ಅದನ್ನ ಯಾರಾದರೂ ತಾಗಿದ ತಕ್ಷಣ ಎಂಜಿನ್ ನಿಲ್ಲಬೇಕು. ನೆನಪಿನ ಬರಹಗಳಲ್ಲಿ ಈ ಭಾಗ ಯಾಕೋ ಕಡಿಮೆ. ನಮ್ಮ ಪ್ರಶ್ನೆ ಬೇರೆ. ಅಪಘಾತ ಆಗಿದ್ದು ದೊಡ್ಡ ಬೆಟ್ಟದಲ್ಲಿ. ಪ್ರೀಮಿಯಂ ಕಟ್ಟೋಕಾಗದೆ ಮುಚ್ಚಿದ್ದು ಸಣ್ಣ ಗುಡ್ಡ. ಸುರಕ್ಷತೆಯ ಖರ್ಚನ್ನ ದೊಡ್ಡವರು ದಿನಕ್ಕೆ ಸಾವಿರಾರು ಟಿಕೆಟಿನ ಮೇಲೆ ಹಂಚಿಕೊಳ್ಳಬಹುದು, ದಿನಕ್ಕೆ ಅರವತ್ತು ಟಿಕೆಟ್ ಮಾರೋರು ಯಾರ ಮೇಲೆ ಹಂಚ್ತಾರೆ?

ಮೂರನೇದು ಹೆದ್ದಾರಿ, ನಾಲ್ಕನೇದು 1973ರ ಪೆಟ್ರೋಲ್ ಬಿಕ್ಕಟ್ಟು. ಒಂದು ಜನರನ್ನ ದೊಡ್ಡ ಬೆಟ್ಟಗಳ ಕಡೆ ಸಾಗಿಸ್ತು, ಇನ್ನೊಂದು ಎಲ್ಲರನ್ನೂ ಮನೇಲಿ ಕೂರಿಸ್ತು. ಇವುಗಳ ಬಗ್ಗೆ ಹೆಚ್ಚು ಹೇಳೋದಿಲ್ಲ.

ಗಮನಿಸಿ, ಇದರಲ್ಲಿ ಎಲ್ಲೂ “ಆ ಗುಡ್ಡಗಳು ತಮ್ಮ ಕೆಲಸ ಸರಿಯಾಗಿ ಮಾಡ್ತಿರಲಿಲ್ಲ” ಅನ್ನೋ ಕಾರಣ ಇಲ್ಲ. ಅವು ಮಾಡ್ತಿದ್ದ ಕೆಲಸ ಏನು? ಹತ್ತು ವರ್ಷದ ಮಗುವಿಗೆ, ಮನೆಯಿಂದ ಹತ್ತು ನಿಮಿಷದಲ್ಲಿ, ಅಪ್ಪ ಅಮ್ಮನ ಜೇಬಿಗೆ ಹೊರೆಯಾಗದ ದುಡ್ಡಿನಲ್ಲಿ, ಸಂಜೆ ಸಂಜೆ ಜಾರೋದನ್ನ ಕಲಿಸೋದು. ಈಗ ಕೊಲೊರಾಡೋದ ವೇಲ್‌ನಂಥ ಕಡೆ ಸೀಸನ್ನಿನಲ್ಲಿ ಕೌಂಟರಿನಲ್ಲಿ ಕೊಳ್ಳೋ ಒಂದು ದಿನದ ಟಿಕೆಟ್ 300 ಡಾಲರ್ ದಾಟಿದೆ. ಗಂಟೆಗೆ ಎಷ್ಟು ಜನರನ್ನ ಮೇಲಕ್ಕೆ ಸಾಗಿಸ್ತೀರಿ ಅನ್ನೋ ಅಳತೆಗೋಲಿನಲ್ಲಿ ದೊಡ್ಡ ಬೆಟ್ಟ ಗೆಲ್ಲುತ್ತೆ. ಬುಧವಾರ ಸಂಜೆ ಐದು ಗಂಟೆಗೆ ಎಷ್ಟು ಮಕ್ಕಳು ಆಡ್ತಿದ್ದಾರೆ ಅಂತ ಕೇಳಿದ್ರೆ? ಅಳತೆಗೋಲು ಆರಿಸಿದ ಕ್ಷಣದಲ್ಲೇ ಅರ್ಧ ಫಲಿತಾಂಶ ಬಂದುಬಿಟ್ಟಿರುತ್ತೆ. ಇದನ್ನ ನಮಗೆ ಮೆಷರ್‌ಮೆಂಟ್ ಲ್ಯಾಬಿನಲ್ಲಿ ಯಾರೂ ಹೇಳಿಕೊಡಲಿಲ್ಲ.

ದೊಡ್ಡದನ್ನ ಕಟ್ಟೋರ ಮೇಲೆ ನಮಗೇನೂ ಹಗೆಯಿಲ್ಲ. 1936ರಲ್ಲಿ ಐಡಹೋದ ಸನ್ ವ್ಯಾಲಿಯಲ್ಲಿ ಮೊದಲ ಚೇರ್‌ಲಿಫ್ಟ್ ಬಂತು. ಅದನ್ನ ವಿನ್ಯಾಸ ಮಾಡಿದ ಯೂನಿಯನ್ ಪೆಸಿಫಿಕ್ ರೈಲ್ವೆಯ ಎಂಜಿನಿಯರ್ ಜಿಮ್ ಕರನ್, ಹಡಗಿಗೆ ಬಾಳೆಗೊನೆ ತುಂಬೋ ಕೇಬಲ್ ವ್ಯವಸ್ಥೆ ನೋಡಿದ್ದವನು. ಕೊಕ್ಕೆ ತೆಗೆದು ಕುರ್ಚಿ ಹಾಕಿದ. ಗೊನೆ ಜಾಗದಲ್ಲಿ ಮನುಷ್ಯ! ಇಂಥ ತಲೆ ನಮಗೂ ಇರಲಿ ಅಂತ ಹೊಟ್ಟೆಕಿಚ್ಚು ಪಟ್ಟಿದ್ದೀವಿ. ಆದರೆ ಅದೇ ಯಂತ್ರ ಇನ್ನೂ ದೊಡ್ಡದು, ಇನ್ನೂ ವೇಗ ಅಂತ ಬೆಳೀತಾ ಹೋದಾಗ, ಸಣ್ಣ ಗುಡ್ಡಕ್ಕೆ ಬೇಕಾದ ಅಗ್ಗದ ಸುರಕ್ಷಿತ ರೋಪ್ ಟೋ, ಒಂದು ಎಕರೆಗೆ ಸಾಕಾಗೋ ಹಿಮದ ಗನ್, ಇವುಗಳ ಮೇಲೆ ಅದೇ ಮಟ್ಟದಲ್ಲಿ ತಲೆ ಕೆಡಿಸಿಕೊಂಡವರು ಎಷ್ಟು ಜನ? ಹ್ಯಾಕಥಾನಿನಲ್ಲಿ ನಮ್ಮನ್ನ ಕೇಳೋ ಮೊದಲನೇ ಪ್ರಶ್ನೆ “ಸ್ಕೇಲ್ ಆಗುತ್ತಾ” ಅನ್ನೋದಾದ್ರೆ, ಐವತ್ತು ಜನಕ್ಕೆ ಸಾಕಾಗೋ ವಸ್ತುವನ್ನ ಚೆನ್ನಾಗಿ ಮಾಡೋಕೆ ನಾವು ಯಾವತ್ತು ಕಲಿಯೋದು?

ಸಣ್ಣದು ಉಳಿಯೋಕೇ ಸಾಧ್ಯವಿಲ್ಲ ಅನ್ನೋರಿಗೆ ಒಂದು ಮನೆಯ ಕಥೆ. ವರ್ಮಾಂಟಿನ ರಿಚ್‌ಮಂಡ್‌ನಲ್ಲಿ ಮಿಕ್ಕಿ ಮತ್ತು ಜಿನ್ನಿ ಕಾಕ್ರನ್ ಅನ್ನೋ ದಂಪತಿ 1961ರಲ್ಲಿ ತಮ್ಮ ಮನೆ ಹಿಂದಿನ ಗುಡ್ಡಕ್ಕೆ ರೋಪ್ ಟೋ ಕಟ್ಟಿದ್ರು, ತಮ್ಮ ನಾಲ್ಕು ಮಕ್ಕಳು ಶಾಲೆಯಿಂದ ಬಂದು ಅಭ್ಯಾಸ ಮಾಡಲಿ ಅಂತ. ಅಕ್ಕಪಕ್ಕದ ಮಕ್ಕಳೂ ಬಂದ್ರು. ಆ ನಾಲ್ಕು ಮಕ್ಕಳೂ ಅಮೆರಿಕದ ಸ್ಕೀ ತಂಡಕ್ಕೆ ಆಯ್ಕೆಯಾದ್ರು. ಮ್ಯಾರಿಲಿನ್ 1969ರಲ್ಲಿ ಜಯಂಟ್ ಸ್ಲಾಲಮ್‌ನ ವಿಶ್ವಕಪ್ ಗೆದ್ದಳು. ಬಾರ್ಬರಾ ಆನ್ 1972ರಲ್ಲಿ ಜಪಾನಿನ ಸಪ್ಪೊರೊ ಒಲಿಂಪಿಕ್ಸ್‌ನಲ್ಲಿ ಸ್ಲಾಲಮ್ ಚಿನ್ನ ತಂದಳು, ಅದೂ 0.02 ಸೆಕೆಂಡ್ ಅಂತರದಲ್ಲಿ. ಅರ್ಧ ಶತಮಾನ ಆದಮೇಲೆ, 2022ರ ಬೀಜಿಂಗಿನಲ್ಲಿ, ಬಾರ್ಬರಾ ಆನ್‌ಳ ಮಗ ರಯಾನ್ ಸೂಪರ್-ಜಿಯಲ್ಲಿ ಬೆಳ್ಳಿ ಗೆದ್ದ. ಅವನೂ ಅದೇ ಹಿತ್ತಲಲ್ಲಿ ಬೆಳೆದವನು. ಆ ಗುಡ್ಡ ಮುಚ್ಚಿಲ್ಲ. 1998ರಲ್ಲಿ ಅದನ್ನ ಲಾಭಕ್ಕಲ್ಲದ ಸಂಸ್ಥೆಯಾಗಿ ಮಾಡಿಕೊಂಡ್ರು. ಅದೇ ರಾಜ್ಯದ ಈಸ್ಟ್ ಕೊರಿಂತ್‌ನಲ್ಲಿ ನಾರ್ತ್‌ಈಸ್ಟ್ ಸ್ಲೋಪ್ಸ್ ಅಂತ ಇನ್ನೊಂದಿದೆ, 1936ರಿಂದ ನಡೀತಿದೆ, ಊರಿನ ಸ್ವಯಂಸೇವಕರೇ ನಡೆಸ್ತಾರೆ, ಇವತ್ತಿಗೂ ರೋಪ್ ಟೋ. ಇವೆರಡೂ ದೊಡ್ಡದಾಗೋಕೆ ಹೋಗಲಿಲ್ಲ, ಲಾಭದ ಲೆಕ್ಕವನ್ನೇ ಬದಲಾಯಿಸಿಕೊಂಡ್ವು.

ಹಾಗಂತ 600 ಗುಡ್ಡಗಳನ್ನೂ ಹೀಗೇ ಉಳಿಸಬಹುದಿತ್ತು ಅಂತ ನಾವು ಹೇಳ್ತಿಲ್ಲ. ಚಳಿಗಾಲ ಬೆಚ್ಚಗಾಗ್ತಾ ಇದೆ, ಕೆಳಮಟ್ಟದ ಗುಡ್ಡಗಳಿಗೆ ಮೊದಲು ಏಟು. ಕೆಲವು ಕಡೆ ಮಕ್ಕಳಿಗೆ ಅಪ್ಪನ ಎಂಜಿನ್ ಬೇಡವಾಯಿತು, ಅದು ಅವರ ಹಕ್ಕು. ಉಳಿಸೋಕಾಗದ್ದನ್ನ ಬರೆದಿಡೋದಂತೂ ಸಾಧ್ಯ. ಇಲ್ಲಿ ಬರ್ತಾನೆ ಜೆರೆಮಿ ಡೇವಿಸ್. ವರ್ಮಾಂಟಿನ ಲಿಂಡನ್ ಸ್ಟೇಟ್ ಕಾಲೇಜಿನಲ್ಲಿ ಹವಾಮಾನ ಶಾಸ್ತ್ರ ಓದ್ತಿದ್ದ ವಿದ್ಯಾರ್ಥಿ. 1998ರಲ್ಲಿ, ನಮ್ಮ ಹಾಗೇ ಕಾಲೇಜಲ್ಲಿ ಇದ್ದಾಗಲೇ, ಮುಚ್ಚಿಹೋದ ಗುಡ್ಡಗಳ ಪಟ್ಟಿ ಮಾಡೋಕೆ ಶುರು ಮಾಡಿದ. ಹಳೇ ನಕ್ಷೆ, ಹಳೇ ಕರಪತ್ರ, ಪೋಸ್ಟ್‌ಕಾರ್ಡು, ಜನರ ನೆನಪು. ಆಮೇಲೆ ಪುಸ್ತಕಗಳನ್ನೂ ಬರೆದ. ನಾವು ಮೇಲೆ ಹೇಳಿದ 600ರ ಲೆಕ್ಕ ಸಿಕ್ಕಿದ್ದೇ ಅಲ್ಲಿಂದ. ನಾವೆಲ್ಟಿ ಏನು ಅಂತ ಅವನನ್ನೂ ಯಾರಾದರೂ ಕೇಳಿರಬಹುದೇನೋ!

ಇನ್ನೊಂದು ಜಾಗ ಹಾಗ್‌ಬ್ಯಾಕ್. ವರ್ಮಾಂಟಿನ ಮಾರ್ಲ್‌ಬರೋ ಊರಿನ ಗುಡ್ಡ, 1986ರಲ್ಲಿ ಮುಚ್ಚಿತು. ಮಾರಿಹೋಗೋ ಹೊತ್ತಿಗೆ ಊರವರು ದುಡ್ಡು ಕೂಡಿಸಿ ಜಾಗವನ್ನ ಊರಿಗೇ ಉಳಿಸಿಕೊಂಡ್ರು. ಲಿಫ್ಟ್ ಇಲ್ಲ, ಎಂಜಿನ್ ಇಲ್ಲ. ಪೊದೆ ಸವರಿ ಹಳೇ ದಾರಿಗಳನ್ನ ಬಿಡಿಸಿದ್ದಾರೆ. ಹಿಮ ಬಿದ್ದ ದಿನ ಜನ ಸ್ಕೀ ಹೊತ್ತುಕೊಂಡು ನಡೆದೇ ಹತ್ತಿ ಜಾರಿಕೊಂಡು ಬರ್ತಾರೆ, 1934ಕ್ಕಿಂತ ಮುಂಚಿನ ಹಾಗೆ.

ನಮ್ಮ ಕೋರಿಕೆ ಒಂದೇ. ಸೆಮಿನಾರಿನ ಮಾರ್ಕಿನ ಹಾಳೆಯಲ್ಲಿ ಸ್ಕೇಲೆಬಿಲಿಟಿ ಅಂತ ಒಂದು ಕಾಲಂ ಇದೆ, ಇರಲಿ. ಅದರ ಪಕ್ಕದಲ್ಲಿ “ಯಾರಿಗೆ, ಎಷ್ಟು ಜನಕ್ಕೆ” ಅಂತ ಇನ್ನೊಂದು ಕಾಲಂ ಹಾಕಿ. ಇದನ್ನ ವಿಭಾಗಕ್ಕೆ ಬರೆದು ಕೊಟ್ಟಿದ್ದೀವಿ, ಸಹಿ ಹಾಕೋರು ಸಂಘದ ರೂಮಿಗೆ ಬನ್ನಿ. ರೋಪ್ ಟೋದ ಲೆಕ್ಕಗಳೂ ಅಲ್ಲಿನ ಕಂಪ್ಯೂಟರಿನಲ್ಲಿವೆ. ಹಗ್ಗದ ಸ್ವಂತ ತೂಕವನ್ನ ಮೂರನೇ ಒಂದು ಭಾಗ ಅಂತ ಒರಟಾಗಿ ಕಳೆದಿದ್ದೀವಿ, ಸಿವಿಲ್‌ನವರು ಯಾರಾದರೂ ಕ್ಯಾಟಿನರಿ ಹಾಕಿ ಸರಿಯಾಗಿ ಮಾಡಿಕೊಟ್ರೆ ಕ್ಯಾಂಟೀನಿನಲ್ಲಿ ಮಸಾಲೆದೋಸೆ ನಮ್ಮದು.